ಗುರುಮನೆಯ ಹೊಸ್ತಿಲಿನ ಹೊರಗೆ

(ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯಕಾರಿ ಮಂಡಳಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ಬ್ಯಾಂಕಿನ ಕಾರಕೂನರು, ಸಂಗೀತಶಾಸ್ತ್ರದಲ್ಲಿ ವಿದ್ವಾಂಸರಲ್ಲ. ಆದರೂ ಇಂದು ಸಂಗೀತದ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಅದಕ್ಕೆ ಕಾರಣವುಂಟು.

ಅಂಬರನಾಥದಿಂದ ಡೊಂಬಿವಲಿಯವರೆಗಿನ ನಮ್ಮ ಕನ್ನಡ ಮನೆಗಳಲ್ಲಿ ಹಾಡು ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಅವರಲ್ಲಿ ಒಬ್ಬಳು ಗುರುಗಳ ಬಳಿಯಲ್ಲೇ ವಾಸವಾಗಿದ್ದು ಕಲಿಯಬೇಕೆಂದು ಹಂಬಲಿಸಿದಳು. ದೂರದ ಊರಿಗೆ ಹೋಗಿ ಹಾಡಿಯೂ ಬಂದಳು. "ಮುಂದೆ ನೋಡೋಣ" ಎಂದಷ್ಟೇ ಉತ್ತರ ಬಂತು. ಅಂದಿನಿಂದ ಆ ಮನೆಯ ತಂಬೂರಿ ಗವಸಿನೊಳಗಿದೆ. ತಂದೆತಾಯಿಗಳು ಬಿ.ಕಾಂ. ಅರ್ಜಿಯ ಮಾತೆತ್ತಿದ್ದಾರೆ. ಬಿ.ಕಾಂ. ಮಾಡಿ ಅನ್ನ ಉಣ್ಣುತ್ತಿರುವ ನಾವು ಅದನ್ನು ಹಳಿಯುವುದುಂಟೇ? ನಮ್ಮ ಪ್ರಶ್ನೆ ಇಷ್ಟೇ: ಅರ್ಜಿ ಹಾಕಿದರೆ ತಂಬೂರಿಗೆ ಗವಸು ಹಾಕಲೇಬೇಕೇ?

ನಮ್ಮ ನಾಡಿನ ಕಥೆಯನ್ನೇ ನೋಡೋಣ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ತಂದೆ ಶಾಲೆಯ ಉಪಾಧ್ಯಾಯರು. ಹುಡುಗನು ಅಬ್ದುಲ್ ಕರೀಮ್‌ಖಾನರ ಝಿಂಝೋಟಿ ರಾಗದ ಠುಮರಿಯ ರೆಕಾರ್ಡನ್ನು ಕೇಳಿ ಮರುಳಾದನು. ಕಲಿತರೆ ಹೀಗೆ ಹಾಡಲು ಕಲಿಯಬೇಕು, ಅದಕ್ಕೆ ತಕ್ಕ ಗುರು ಉತ್ತರ ದೇಶದಲ್ಲಿದ್ದಾನೆ ಎಂದು ಅವನ ನಂಬಿಕೆ. ತುಪ್ಪದ ವಿಷಯಕ್ಕೆ ತಾಯಿಯೊಡನೆ ಮುನಿಸಿಕೊಂಡು ಹೊರಟನೆಂದು ಹೇಳುವುದುಂಟು. ತುಪ್ಪ ಒಂದು ನೆಪವೆಂದೇ ನಮ್ಮ ಎಣಿಕೆ. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟನು.

ಸಹಪ್ರಯಾಣಿಕರ ಕರುಣೆಯಿಂದ ರೈಲಿನಲ್ಲಿ ಗ್ವಾಲಿಯರಿಗೆ ಮುಟ್ಟಿದನು. ಅಲ್ಲಿಂದ ಕಲಕತ್ತೆ, ದಿಲ್ಲಿ, ಜಾಲಂಧರ ಎಂದು ಸುಮಾರು ಮೂರು ವರ್ಷಗಳ ಅಲೆದಾಟ. ಕಲಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಆಳಾಗಿಯೂ ಇದ್ದನು. ಅಲ್ಲಲ್ಲಿ ಅಷ್ಟಿಷ್ಟು ಪಾಠ ದೊರೆಯಿತು. ಮನಸ್ಸಿನಲ್ಲಿದ್ದ ಗುರು ಮಾತ್ರ ದೊರೆಯಲಿಲ್ಲ. ಕೊನೆಗೆ ಜಾಲಂಧರದಲ್ಲಿ ವಿನಾಯಕರಾವ್ ಪಟವರ್ಧನರು, ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಏಕೆ ಬಂದೆ ಎಂದು ಬುದ್ಧಿ ಹೇಳಿದರು. ಮಗನನ್ನು ಹುಡುಕುತ್ತ ಬಂದ ತಂದೆ ಅವನನ್ನು ಊರಿಗೆ ಕರೆತಂದರು.

ಈ ಸವಾಯಿ ಗಂಧರ್ವರು ಯಾರು? ಕುಂದಗೋಳದ ರಾಮಭಾವು; ಸಾಕ್ಷಾತ್ ಅಬ್ದುಲ್ ಕರೀಮ್‌ಖಾನರ ಶಿಷ್ಯರು! ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ತುಸು ಮುಂದೆ ಹೋದರೆ ಕುಂದಗೋಳ. ಯಾವ ದನಿಯನ್ನು ಹುಡುಕಿ ಹುಡುಗ ಹಿಂದುಸ್ಥಾನವನ್ನೆಲ್ಲ ಸುತ್ತಿದನೋ ಆ ದನಿಯ ಮನೆತನ ಅವನ ಸೀಮೆಯಲ್ಲೇ ಇತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತಾಯಿತು.

1936ರಲ್ಲಿ ಗುರುಗಳು ಒಪ್ಪಿಕೊಂಡರು. ಇನ್ನಾದರೂ ಹಾಡಬಹುದೆಂದರೆ, ಮೊದಲು ಬಂದದ್ದು ನೀರಿನ ಕೊಡ ಮತ್ತು ಮನೆಗೆಲಸ! ಪಾಠ ತಡವಾಗಿ ಬಂತು. ಆದರೆ ಇತರರಿಗೆ ಪಾಠವಾಗುವಾಗ ಕಿವಿಗೆ ಬಾಗಿಲು ಹಾಕಿದವರಾರು? ಮೂರು ವರ್ಷ ಊರೂರು ತಿರುಗಿ ಬಂದ ಕಿವಿ ಅದು, ಕೇಳಿದ್ದನ್ನು ಬಿಡಲಿಲ್ಲ. 1941ರಲ್ಲಿ ಮೊದಲ ಕಚೇರಿ. 1943ರಲ್ಲಿ ಅವರೂ ನಮ್ಮಂತೆ ಹೊಟ್ಟೆಪಾಡಿಗೆ ಮುಂಬಯಿಗೆ ಬಂದು ರೇಡಿಯೋ ಕಲಾವಿದರಾದರು. 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಅದೇ ಗುರುಗಳ ಶಿಷ್ಯೆ ಗಂಗೂಬಾಯಿ ಹಾನಗಲ್ಲರ ಕಷ್ಟ ಬೇರೆ ಬಗೆಯದು. ಗುರು ಸಿಕ್ಕಿದ್ದರು, ಆದರೆ ಅವರು ನಾಟಕ ಕಂಪನಿಯೊಡನೆ ಊರೂರು ತಿರುಗುತ್ತಿದ್ದುದರಿಂದ ಪಾಠ ಬಿಟ್ಟುಬಿಟ್ಟು ನಡೆಯುತ್ತಿತ್ತು. ಗುರುಗಳು ಕುಂದಗೋಳದಲ್ಲಿ ನೆಲೆ ನಿಂತ ಮೇಲೆಯೂ, ಸಂಸಾರಸ್ಥೆಯಾದ ಗಂಗೂಬಾಯಿಯವರು ಗುರುಮನೆಯಲ್ಲಿ ವಾಸ ಮಾಡುವಂತಿರಲಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ, ಪಾಠ ಮುಗಿಸಿ, ರೈಲಿನಲ್ಲೇ ಮರಳುತ್ತಿದ್ದರು. ಬೆಳಗಾದರೆ ಲೋಕಲ್ ಹಿಡಿಯುವ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಮಲ್ಲಿಕಾರ್ಜುನ ಮನಸೂರರು. ಆಗಲೇ ರೆಕಾರ್ಡುಗಳಿಂದ ಹೆಸರಾಗಿದ್ದರೂ ಮುಂಬಯಿಯಲ್ಲಿ ಮಂಜಿಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಸುಮಾರು ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1937ರಲ್ಲಿ, ಗುರುಗಳು ತೀರಿಕೊಂಡರು. ಬೇರೊಬ್ಬರಾಗಿದ್ದರೆ ಕಲಿತಷ್ಟೇ ಸಾಕೆನ್ನುತ್ತಿದ್ದರು. ಮನಸೂರರು ಮಂಜಿಖಾನರ ತಮ್ಮ ಭುರ್ಜಿಖಾನರಲ್ಲಿ ಪಾಠ ಮುಂದುವರಿಸಿದರು. ಪದ್ಮಶ್ರೀ ಬಂದದ್ದು 1970ರಲ್ಲಿ. ಆಗ ಅವರಿಗೆ ಅರವತ್ತರ ಹತ್ತಿರ.

ಒಬ್ಬರಿಗೆ ಗುರು ಸಿಗಲಿಲ್ಲ, ಒಬ್ಬರಿಗೆ ಗುರುವಿನ ಬಿಡುವು ಸಿಗಲಿಲ್ಲ, ಒಬ್ಬರಿಗೆ ಸಿಕ್ಕ ಗುರು ಉಳಿಯಲಿಲ್ಲ. ಎಣಿಸಿದಂತೆ ಒಬ್ಬರಿಗೂ ಆಗಲಿಲ್ಲ. ಆದರೆ ಎಣಿಕೆ ತಪ್ಪಿತೆಂದು ಅವರು ಹಾಡನ್ನು ಬಿಡಲಿಲ್ಲ. ಆದ್ದರಿಂದಲೇ ಬಾಗಿಲು ತೆರೆದ ದಿನ ಒಳಗೆ ಹೋಗಲು ಸಿದ್ಧರಾಗಿದ್ದರು.

ಕಾದವರೆಲ್ಲ ಭೀಮಸೇನರಾಗುವರೆಂದು ನಾವು ಹೇಳುವುದಿಲ್ಲ. ಅದು ಸುಳ್ಳು ಭರವಸೆ; ಮಕ್ಕಳಿಗೆ ಸುಳ್ಳು ಹೇಳಬಾರದು. ಮನೆ ಬಿಟ್ಟು ಓಡಿಹೋಗಿ ಎಂದೂ ಹೇಳುವುದಿಲ್ಲ; ನೆರೆದಿರುವ ತಾಯಂದಿರು ನಮ್ಮನ್ನು ಸುಮ್ಮನೆ ಬಿಡುವವರಲ್ಲ! ಹೇಳುವುದು ಇಷ್ಟು. ಒಂದು ಸಂಸ್ಥೆ ಇಲ್ಲವೆಂದರೆ ಆ ವರ್ಷದ ಸ್ಥಳ ಇಲ್ಲವೆಂದರ್ಥ. ವಿದ್ಯೆಯೇ ಇಲ್ಲವೆಂದು ಅರ್ಥವಲ್ಲ. ಕಾಲೇಜಿಗೆ ಹೋಗಲಿ, ನೌಕರಿಯನ್ನೂ ಮಾಡಲಿ. ಬೆಳಗಿನ ಒಂದು ತಾಸು ಸಾಧನೆಗೆ ಮೀಸಲಿರಲಿ. ಬಲ್ಲವರು ಕಲ್ಯಾಣದಲ್ಲಿದ್ದರೂ ಸರಿ, ಠಾಣೆಯಲ್ಲಿದ್ದರೂ ಸರಿ, ಹೋಗಿ ಕೇಳಲಿ. ದೂರದ ಹೆಸರನ್ನೇ ನೋಡುತ್ತ ಹತ್ತಿರದ ಗುರುವನ್ನು ಕಾಣದೆ ಹೋಗಬಾರದು.

ತಂದೆತಾಯಿಗಳಲ್ಲಿ ಒಂದು ವಿನಂತಿ. ಭೀಮಸೇನರ ತಂದೆ ಜಾಲಂಧರದಿಂದ ಮಗನನ್ನು ಕರೆತಂದು ಮನೆಯಲ್ಲಿ ಕೂಡಿಹಾಕಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ಬಂದವನನ್ನು ಮತ್ತೆ ಕುಂದಗೋಳಕ್ಕೆ ಕಳಿಸಿಕೊಟ್ಟ ಆ ಉಪಾಧ್ಯಾಯರ ಎದೆಗಾರಿಕೆ ಸಣ್ಣದಲ್ಲ. ನಾವು ಬ್ಯಾಂಕಿನಲ್ಲಿ ಮುದ್ದತಿಗೆ ಮೊದಲೇ ಠೇವಣಿ ಮುರಿಯಲು ಬಂದವರಿಗೆ, ಸ್ವಲ್ಪ ಯೋಚಿಸಿ ಎಂದು ಹೇಳುತ್ತೇವೆ. ಮಕ್ಕಳ ವಿದ್ಯೆಯ ವಿಷಯದಲ್ಲಿಯೂ ಅದೇ ಮಾತು. ತಂಬೂರಿಯ ಗವಸು ತೆಗೆಯಿರಿ. ಮುಂದಿನ ರಾಜ್ಯೋತ್ಸವದಲ್ಲಿ ನಾಡಗೀತೆಗೆ ಶ್ರುತಿ ಹಿಡಿಯಲು ನಮ್ಮ ಸಂಘಕ್ಕೆ ತಂಬೂರಿ ಬೇಕಾಗಿದೆ.

 ಸಿರಿಗನ್ನಡಂ ಗೆಲ್ಗೆ!