2:1 ಆಫರ್, 20% ವಾಪಸ್: ಗೋವಾ ಬೋಟಿನ ಲೆಕ್ಕ, ಗೋಕಾಕದ ಚಹಾ ಅಂಗಡಿಯಲ್ಲಿ

(ಈ ವಾರದ ಪಾಡ್‌ಕಾಸ್ಟ್ ಮಾತಿನ ಬರಹ ರೂಪ)

ಇವತ್ತು ಒಂದು ವಾಟ್ಸ್‌ಆ್ಯಪ್ ಮೆಸೇಜಿನಿಂದ ಶುರು ಮಾಡ್ತೀನಿ.

ಸಂಕ್ರಾಂತಿ ಮುಗಿದ ವಾರ ನನ್ನ ಮೂಡಲಗಿ ದೋಸ್ತನ ಫೋನಿಗೆ ಗೋವಾದ ಒಂದು ಕ್ಯಾಸಿನೊದಿಂದ ಮೆಸೇಜ್ ಬಂತು. ಬ್ಲ್ಯಾಕ್‌ಜಾಕ್ ಬಿದ್ದರೆ 2:1. ಸೋತರೆ 20% ವಾಪಸ್. ಪ್ಯಾಕೇಜ್ ತಗೊಂಡ್ರೆ ಕೂಪನ್ ಫ್ರೀ. ಅದನ್ನ ನಂಗೆ ಫಾರ್ವರ್ಡ್ ಮಾಡಿ, "ನೀ ಗಣಿತದಾಂವ ಅದಿ, ಲೆಕ್ಕಾ ಹಾಕಿ ಹೇಳಲೇ, ಇದರಾಗ ನಮಗ ಲಾಭ ಐತಿಲ್ಲೋ?" ಅಂದ. ನಾನು ಗೋಕಾಕದಲ್ಲಿ ಗಣಿತದ ಟ್ಯೂಷನ್ ಹೇಳ್ತೀನಿ. ಹುಕ್ಕೇರಿಯ ಇನ್ನೊಬ್ಬ ಗೆಳೆಯ ಕುಡಿಯೋದಿಲ್ಲ, ಹಂಗಾಗಿ ಗಾಡಿ ಅವಂದು. ಮೂವರೂ ಶನಿವಾರ ಹೊರಟೆವು. ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದರೆ ಪಣಜಿ. ಮೂಡಲಗಿಯವನ ಒಪ್ಪಿಗೆ ಕೇಳಿಯೇ ಈ ಕಥೆ ಹೇಳ್ತಿದೀನಿ. ಹೆಸರು ಬೇಡ ಅಂದ, ಬೋಟಿನ ಹೆಸರು ನಾನೂ ಹೇಳೋದಿಲ್ಲ.

ನಮ್ಮ ಹೊಲದ ಪಂಪ್‌ಹೌಸಿನಲ್ಲಿ ನಾಲ್ಕು ಜನ ಕೂತು ಅಂದರ್-ಬಾಹರ್ ಆಡಿದರೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಕೇಸ್ ಆಗುತ್ತೆ, ಮರುದಿನ ಪೇಪರಿನಾಗ ಸುದ್ದಿ. ಘಟ್ಟ ಇಳಿದರೆ ಕಾನೂನೇ ಬೇರೆ. ಗೋವಾದ 1976ರ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಕ್ಯಾಸಿನೊಗಳಿಗೆ ಅವಕಾಶ ಕೊಟ್ಟಿದ್ದಾರೆ. ಪಂಚತಾರಾ ಹೋಟೆಲಿನಲ್ಲಿ ಯಂತ್ರದ ಆಟ ಮಾತ್ರ. ಡೀಲರ್ ಕೈಯಿಂದ ಎಲೆ ಹಂಚೋ ಟೇಬಲ್ಲು ಮಾಂಡವಿ ನದಿಯ ಬೋಟುಗಳಲ್ಲಿ. ಒಂದು ತಮಾಷೆ ಕೇಳ್ರಿ: 2020ರ ಫೆಬ್ರುವರಿಯಿಂದ ಗೋವಾದವರೇ ಅಲ್ಲಿ ಆಡೋ ಹಾಗಿಲ್ಲ. ಊರ ಜನ ಹಾಳಾಗಬಾರದು ಅಂತ. ಅಂದ್ರ ಟೇಬಲ್ಲು ಯಾರಿಗೆ ಹಾಕ್ಯಾರ ತಿಳೀತಲ್ಲ?

ಆಟ ಗೊತ್ತಿಲ್ಲದವರಿಗೆ ಎರಡೇ ಮಾತು. 21ಕ್ಕೆ ಹತ್ತಿರ ಹೋಗಬೇಕು, ದಾಟಬಾರದು, ಡೀಲರ್‌ಗಿಂತ ಹೆಚ್ಚಿರಬೇಕು. ಮೊದಲ ಎರಡೇ ಎಲೆಯಲ್ಲಿ ಒಂದು ಎಕ್ಕ, ಇನ್ನೊಂದು ಹತ್ತು ಅಥವಾ ರಾಜ-ರಾಣಿ-ಗುಲಾಮ ಬಂದರೆ ಅದೇ ಬ್ಲ್ಯಾಕ್‌ಜಾಕ್. ಸಾಮಾನ್ಯವಾಗಿ ಅದಕ್ಕೆ 3:2, ಅಂದರೆ ಸಾವಿರಕ್ಕೆ ಒಂದೂವರೆ ಸಾವಿರ. ನಿಯಮ ಒಳ್ಳೆಯದಿದ್ದು, ಯಾವ ಎಲೆಗೆ ಏನು ಮಾಡಬೇಕು ಅನ್ನೋ ಕೋಷ್ಟಕ ಬಾಯಿಪಾಠ ಆಗಿದ್ದರೆ ಕ್ಯಾಸಿನೊದ ಪಾಲು ನೂರಕ್ಕೆ ಅರ್ಧ ರೂಪಾಯಿ ಆಸುಪಾಸು. ಮನಸ್ಸಿಗೆ ಬಂದಂತೆ ಆಡೋರಿಗೆ ಎರಡು ರೂಪಾಯಿ ಅಂತ ಇಟ್ಕೊಳ್ಳಿ.

ಈಗ ಆ 2:1. ಬ್ಲ್ಯಾಕ್‌ಜಾಕ್ ಬೀಳೋದು ಸುಮಾರು 21 ಆಟಕ್ಕೊಮ್ಮೆ. ಪ್ರತಿ ಸಲ ಅರ್ಧ ಪಣ ಹೆಚ್ಚಿಗೆ ಸಿಕ್ಕರೆ ಸರಾಸರಿ ನೂರಕ್ಕೆ ಎರಡೂಕಾಲು ರೂಪಾಯಿ ನಮ್ಮ ಕಡೆ ಬರುತ್ತೆ. ಕ್ಯಾಸಿನೊದ ಅರ್ಧ ರೂಪಾಯಿ ಕಳೆದರೂ ಒಂದೂಮುಕ್ಕಾಲು ಉಳೀತು. ಅಂದರೆ ಆಫರ್ ನಿಜ! ಮೆಸೇಜ್ ಸುಳ್ಳು ಹೇಳಿರಲಿಲ್ಲ. ಗಾಡಿಯಲ್ಲಿ ನಾನೇ ಇದನ್ನ ಹೇಳಿದೆ. ಹೇಳಬಾರದಿತ್ತೋ ಏನೋ.

ಬೋಟ್ ಹತ್ತಿದ ಮೇಲೆ ಬೋರ್ಡ್ ಓದಿದೆ. 2:1 ಇರೋದು ಏಳರಿಂದ ಒಂಬತ್ತು ಗಂಟೆವರೆಗೆ. ಸಾವಿರ ರೂಪಾಯಿ ಪಣದವರೆಗೆ ಮಾತ್ರ. ಗಂಟೆಗೆ 60 ಆಟ ಅಂದರೂ ಎರಡು ತಾಸಿಗೆ 120 ಆಟ, ಒಟ್ಟು ಪಣ ₹1,20,000. ಅದರ ಒಂದೂಮುಕ್ಕಾಲು ಪರ್ಸೆಂಟ್ ಅಂದರೆ ₹2,100. ಎರಡು ತಾಸು ಒಂದೂ ತಪ್ಪಿಲ್ಲದೆ ಆಡಿದರೆ ಸರಾಸರಿ ಸಿಗೋದು ಇಷ್ಟು. ನಮ್ಮ ಡೀಸೆಲ್ಲು, ಪ್ಯಾಕೇಜ್ ದುಡ್ಡು ಇದರಾಗ ಹುಟ್ಟೋದಿಲ್ಲ.

ತಪ್ಪಿಲ್ಲದೆ ಅಂದೆನಲ್ಲ, ಮೂಡಲಗಿಯವನಿಗೆ ಮೊದಲ ಅರ್ಧ ತಾಸಿನಲ್ಲೇ ಬ್ಲ್ಯಾಕ್‌ಜಾಕ್ ಬಿತ್ತು. ಡೀಲರ್ ಮುಂದೆ ಎಕ್ಕ ಇತ್ತು. ಡೀಲರ್ ನಗುತ್ತಾ, "ಈವನ್ ಮನಿ, ಸರ್?" ಅಂತ ಕೇಳಿದ. ಅಂದರೆ, ನನ್ನ ಹತ್ತಿರನೂ ಬ್ಲ್ಯಾಕ್‌ಜಾಕ್ ಇರಬಹುದು, ಆಗ ನಿಮಗೆ ಏನೂ ಇಲ್ಲ. ಈಗಲೇ ಸಾವಿರಕ್ಕೆ ಸಾವಿರ ತಗೊಂಡು ಬಿಡಿ ಅಂತ. ನಮ್ಮಾಂವ ಖುಷಿಯಿಂದ ಹೂಂ ಅಂದ. ನಾನು ಹಿಂದೆ ನಿಂತು ತಲೆ ಚಚ್ಚಿಕೊಂಡೆ. ಡೀಲರ್‌ನ ಮುಚ್ಚಿದ ಎಲೆ ಹತ್ತರ ಬೆಲೆಯದ್ದಾಗಿರೋ ಸಾಧ್ಯತೆ 13ಕ್ಕೆ 4. ಉಳಿದ 9 ಸಲ ನಮಗೆ 2:1 ಲೆಕ್ಕದಲ್ಲಿ ಎರಡು ಸಾವಿರ. ಸರಾಸರಿ ₹1,385. ಅದನ್ನ ಬಿಟ್ಟು ಸಾವಿರ ತಗೊಂಡ. ಸಾದಾ ದಿನ 3:2 ಇದ್ದಾಗಲೂ ಬೇಡ ಅನ್ನೋದೇ ಸರಿ, ಆದರೆ ಆಗ ಹೋಗೋದು ₹38 ಮಾತ್ರ. ಆಫರ್ ದಿನ ಅದೇ ತಪ್ಪಿಗೆ ₹385. ಆಫರ್ ಬಂದಾಗ ಆಡೋ ರೀತಿನೂ ಬದಲಾಗಬೇಕು. ನಾವು ಆಫರ್ ಓದ್ತೀವಿ, ಹಳೇ ಆಟನೇ ಆಡ್ತೀವಿ.

ಇನ್ನು ಕೂಪನ್. 500 ಅಂತ ಅಚ್ಚು ಹಾಕಿದ ಚಿಪ್, ಒಂದೇ ಸಲ ಆಡಬಹುದು. ಗೆದ್ದರೆ ಗೆದ್ದ ದುಡ್ಡು ಕೊಟ್ಟು ಕೂಪನ್ ತಗೋತಾರೆ, ಸೋತರೂ ತಗೋತಾರೆ. ಹಂಗಾದರೆ ಅದರ ಬೆಲೆ 500 ಅಲ್ಲ. ಬ್ಲ್ಯಾಕ್‌ಜಾಕ್ ಟೇಬಲ್ಲಿನಲ್ಲಿ ಸುಮಾರು 230-240 ರೂಪಾಯಿ. ಒಂದೇ ಸೊನ್ನೆ ಇರೋ ರೂಲೆಟ್‌ನಲ್ಲಿ ಕೆಂಪಿನ ಮೇಲೆ ಇಟ್ಟರೆ ₹243. ಅದೇ ಕೂಪನ್ ಒಂದೇ ನಂಬರಿನ ಮೇಲೆ ಇಟ್ಟರೆ 37ರಲ್ಲಿ ಒಂದು ಸಲ 35 ಪಟ್ಟು, ಸರಾಸರಿ ₹473! ಕೂಪನ್ ವಾಪಸ್ ಬರೋದೇ ಇಲ್ಲ ಅಂದಮೇಲೆ ಅಪರೂಪಕ್ಕೆ ದೊಡ್ಡದು ಕೊಡೋ ಕಡೆ ಇಡೋದು ಲೆಕ್ಕ. ನಾನು ಕೇಳಿದೆ. "ಒಂದೇ ನಂಬರಿಗೆ ಕೂಪನ್ ನಡೆಯೋದಿಲ್ಲ ಸರ್" ಅಂದರು. ಈ ಲೆಕ್ಕ ಅವರಿಗೂ ಗೊತ್ತು, ನೋಡ್ರಿ.

ಈಗ ಮೂರನೇದು, 20% ವಾಪಸ್. ಇದೇ ಎಲ್ಲಕ್ಕಿಂತ ಸಿಹಿ, ನಮ್ಮ ಕರದಂಟಿನ ಹಂಗ.

ಇದರ ಹಿಂದೆ ದೊಡ್ಡ ಕಥೆ ಐತಿ. ಅಮೆರಿಕದ ಡಾನ್ ಜಾನ್ಸನ್ ಅನ್ನೋನು 2010ರ ಡಿಸೆಂಬರ್‌ನಿಂದ 2011ರ ಏಪ್ರಿಲ್ ಒಳಗೆ ಅಟ್ಲಾಂಟಿಕ್ ಸಿಟಿಯ ಮೂರು ಕ್ಯಾಸಿನೊಗಳಿಂದ ಸುಮಾರು ಒಂದೂವರೆ ಕೋಟಿ ಡಾಲರ್ ಗೆದ್ದ. ಎಲೆ ಎಣಿಸಿ ಅಲ್ಲ, ಮೋಸ ಮಾಡಿ ಅಲ್ಲ. ಆಗ ಆರ್ಥಿಕ ಹಿಂಜರಿತ, ಕ್ಯಾಸಿನೊಗಳು ಖಾಲಿ ಹೊಡೀತಿದ್ದವು. ದೊಡ್ಡ ಗಿರಾಕಿ ಬೇಕು ಅಂತ ಇವನಿಗೆ ಸೋಲಿನ ಮೇಲೆ 20% ರಿಯಾಯಿತಿ ಕೊಟ್ಟರು. ಆಟದ ನಿಯಮಗಳನ್ನೂ ಇವನು ಚೌಕಾಸಿ ಮಾಡಿ ಕ್ಯಾಸಿನೊ ಪಾಲನ್ನ ನೂರಕ್ಕೆ ಕಾಲು ಡಾಲರಿಗೆ ಇಳಿಸಿದ. ಕುರ್ಚಿ ಮೇಲೆ ಕೂರೋದಕ್ಕೆ ಮುಂಚೆಯೇ ವ್ಯವಹಾರ ಮುಗಿದಿತ್ತು. ಸಂತೆಯಲ್ಲಿ ಎತ್ತು ಕೊಳ್ಳೋರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮುಗಿಸ್ತಾರಲ್ಲ, ಹಂಗ.

ಅವನಿಗೆ ಲಾಭ, ನಮಗೆ ಯಾಕಿಲ್ಲ? ಒಂದೇ ಒಂದು ಆಟ ಆಡಿ ಎದ್ದು ಹೋಗ್ತೀವಿ ಅನ್ಕೊಳ್ಳಿ, ಪಣ ಹತ್ತು ಸಾವಿರ. ಗೆದ್ದರೆ ಹತ್ತು, ಸೋತರೆ ಎಂಟೇ. ಸರಾಸರಿ ಸಾವಿರ ರೂಪಾಯಿ ಹತ್ತಿರ ನಮ್ಮ ಕಡೆ. ಆದರೆ ಕೂತಷ್ಟು ಹೊತ್ತು ಕ್ಯಾಸಿನೊದ ಪಾಲು ನೇರವಾಗಿ ಏರುತ್ತೆ, ನೂರು ಆಟಕ್ಕೆ ಇಷ್ಟು, ಇನ್ನೂರಕ್ಕೆ ಅದರ ಎರಡು ಪಟ್ಟು. ವಾಪಸ್ ಬರೋ ದುಡ್ಡಿನ ಬೆಲೆ ಹಂಗ ಏರೋದಿಲ್ಲ, ಹಿಂದೆ ಬೀಳುತ್ತೆ. ಅದು ದ್ವಿಗುಣ ಆಗೋಕೆ ನಾಲ್ಕು ಪಟ್ಟು ಆಟ ಬೇಕು. ನಾನು ಹಾಕಿದ ಲೆಕ್ಕದಲ್ಲಿ, ತಪ್ಪಿಲ್ಲದೆ ಆಡೋನಿಗೆ 20% ನಗದು ವಾಪಸ್ಸು ಸುಮಾರು 400 ಆಟಕ್ಕೆ ಸವೆದು ಹೋಗುತ್ತೆ. ಮನಸ್ಸಿಗೆ ಬಂದಂಗ ಆಡೋನಿಗೆ 25-26 ಆಟಕ್ಕೆ, ಅಂದರೆ ಅರ್ಧ ತಾಸು.

ನಮ್ಮ ಬೋಟಿನಲ್ಲಿ ಆ 20% ನಗದೂ ಅಲ್ಲ. ಅದೇ ಕೂಪನ್ನಿನಲ್ಲಿ. ಮುಂದಿನ ಸಲ ಬಂದಾಗ ಆಡಬೇಕು, 30 ದಿನದೊಳಗೆ. ಕೂಪನ್ ಬೆಲೆ ಅರ್ಧ ಅಂದಮೇಲೆ 20% ಅನ್ನೋದು 10% ಆಯ್ತು. ಆಗ ಆ ಅರ್ಧ ತಾಸಿನ ಲಾಭ ಆರೇ ಆಟಕ್ಕೆ ಬಂತು! ಫ್ರೀ ಡ್ರಿಂಕ್ಸಿನ ಮೊದಲನೇ ಗ್ಲಾಸ್ ಬರೋದಕ್ಕೂ ಅಷ್ಟು ಹೊತ್ತು ಬೇಕು.

ಇದೆಲ್ಲ ಪುಸ್ತಕದ ಲೆಕ್ಕ ಆಯ್ತು. ಪುಸ್ತಕಗಳೆಲ್ಲ ಅಮೆರಿಕದವು, ಅಲ್ಲಿ ಚಿಪ್ಸ್ ಕೊಳ್ಳೋವಾಗ ಜಿಎಸ್‌ಟಿ ಇಲ್ಲ. ಇಲ್ಲಿ 2023ರ ಅಕ್ಟೋಬರ್ 1ರಿಂದ ಚಿಪ್ಸಿಗೆ ಕೊಡೋ ಪೂರ್ತಿ ಮೊತ್ತದ ಮೇಲೆ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 40%. ಅದನ್ನ ಗಿರಾಕಿಯಿಂದಲೇ ವಸೂಲಿ ಮಾಡಿದರೆ ಹತ್ತು ಸಾವಿರದ ಚಿಪ್ಸಿಗೆ ಹದಿನಾಲ್ಕು ಸಾವಿರ ಎಣಿಸಬೇಕು. ಅರ್ಧ ಪರ್ಸೆಂಟು, ಎರಡೂಕಾಲು ಪರ್ಸೆಂಟು ಅಂತ ನಾನು ಇಷ್ಟೊತ್ತು ಕೂದಲು ಸೀಳಿದ್ದು ಕೌಂಟರಿನಲ್ಲೇ ಮುಳುಗಿ ಹೋಗುತ್ತೆ. ಹೋಗೋರು ಒಂದೇ ಪ್ರಶ್ನೆ ಕೇಳಿ: ನಾನು ಹತ್ತು ಸಾವಿರ ಕೊಟ್ಟರೆ ವಾಪಸ್ ನಗದು ಮಾಡೋ ಚಿಪ್ಸ್ ಎಷ್ಟು ಕೈಗೆ ಕೊಡ್ತೀರಿ? ಗೆದ್ದರೆ ಗೆದ್ದ ದುಡ್ಡಿಗೆ 30% ಆದಾಯ ತೆರಿಗೆ, ಮೇಲೆ ಸೆಸ್. ಹೋದ ವಾರ ಸೋತಿದ್ದನ್ನ ಅದರಲ್ಲಿ ಕಳೆಯೋ ಹಾಗಿಲ್ಲ.

ಅಪ್ಲಿಕೇಶನ್‌ನಲ್ಲಿ ಆಡ್ತೀನಿ ಅನ್ನೋರಿಗೂ ಒಂದು ಮಾತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿನ ಆಟಗಳನ್ನೇ ನಿಷೇಧಿಸಿದೆ. ನಡೆಸೋರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆದರೂ ಟೆಲಿಗ್ರಾಮ್‌ನಲ್ಲಿ ಲಿಂಕ್ ಬರ್ತಾನೇ ಇದಾವೆ: ಸಾವಿರ ಹಾಕಿ, ಸಾವಿರ ಬೋನಸ್. ಕೆಳಗೆ ಸಣ್ಣಕ್ಷರ ಓದಿ. ಎರಡೂ ಸೇರಿ 30 ಪಟ್ಟು ಆಡಬೇಕು ಅಂತಿದ್ದರೆ ₹60,000. ಬ್ಲ್ಯಾಕ್‌ಜಾಕ್ ಹತ್ತರಲ್ಲಿ ಒಂದು ಪಾಲು ಮಾತ್ರ ಲೆಕ್ಕಕ್ಕೆ ಅಂದರೆ ಆರು ಲಕ್ಷ. ಅರ್ಧ ಪರ್ಸೆಂಟ್ ಹಿಡಿದರೂ ₹3,000 ಸೋಲು, ಸಾವಿರ ಬೋನಸ್ಸಿಗೆ. ಮತ್ತೆ ಆ ದುಡ್ಡು ಕೊಡಲಿಲ್ಲ ಅಂದರೆ ಯಾವ ಠಾಣೆಗೆ ಹೋಗ್ತೀರಿ?

ಆ ರಾತ್ರಿಗೆ ಬರ್ತೀನಿ. ಒಂಬತ್ತಕ್ಕೆ ಆಫರ್ ಮುಗೀತು, ನಮ್ಮಾಂವ ಮುಗಿಸಲಿಲ್ಲ. ಗೆಲುವಿನಲ್ಲಿದ್ದ, ಅದೇ ಸಮಸ್ಯೆ. ಸಾವಿರದ ಪಣದಲ್ಲಿ ಆರು ತಾಸು ಆಡಿದರೆ 360 ಆಟ. ಬರೀ ಅದೃಷ್ಟದ ಏರಿಳಿತವೇ ಆ ಕಡೆ, ಈ ಕಡೆ 22 ಸಾವಿರದಷ್ಟು. ಕ್ಯಾಸಿನೊ ಪಾಲು ಅದರ ಮುಂದೆ ಸಣ್ಣದು, ಕಣ್ಣಿಗೆ ಕಾಣೋದೇ ಇಲ್ಲ. ಅದಕ್ಕೇ ಪ್ರತಿ ಊರಿನಲ್ಲೂ ಗೆದ್ದು ಬಂದ ಒಬ್ಬ ಇರ್ತಾನೆ. ಹನ್ನೊಂದರ ಹೊತ್ತಿಗೆ ಪಣ ಐದು ಸಾವಿರಕ್ಕೆ ಏರಿಸಿದ. ಕುಡಿದಿದ್ದ. ಹುಕ್ಕೇರಿಯವನು ಎರಡು ಸಲ ರಟ್ಟೆ ಹಿಡಿದು ಎಬ್ಬಿಸಿದ. ಎರಡಕ್ಕೆ ಬೋಟ್ ಇಳಿದಾಗ ₹42,000 ಹೋಗಿತ್ತು. ಕೈಯಲ್ಲಿ ₹8,400ರ ಕೂಪನ್. "ನೋಡ, ಪೂರಾ ಹೋಗಿಲ್ಲ" ಅಂದ. ನಿಜವಾದ ಬೆಲೆ ನಾಲ್ಕು ಸಾವಿರ ಅಂತ ಹೇಳೋ ಧೈರ್ಯ ನನಗಾಗಲಿಲ್ಲ. ಘಟ್ಟ ಹತ್ತುವಾಗ ಯಾರೂ ಮಾತಾಡಲಿಲ್ಲ.

ಕೂಪನ್ ಕೆಡುತ್ತೆ ಅಂತ 24ನೇ ದಿನ ಒಬ್ಬನೇ ಹೋದ. ನಮಗೆ ಹೇಳಲಿಲ್ಲ. ಹೋದದ್ದು ₹66,000. ಅದು ಅವರಪ್ಪನ ಕಬ್ಬಿನ ಬಿಲ್ಲಿನ ದುಡ್ಡು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕೂತು ಹೋರಾಡಿದ್ದು ನೆನಪೈತಲ್ಲ? ಕೇಳಿದ್ದು ಟನ್ನಿಗೆ ₹3,500, ಕೊನೆಗೆ ಸರ್ಕಾರ ಹೇಳಿದ್ದು ₹3,300. ಆ ದರದಲ್ಲಿ 66 ಸಾವಿರ ಅಂದರೆ 20 ಟನ್ ಕಬ್ಬು. ಅವರಪ್ಪನೂ ಆ ಕ್ರಾಸಿನಲ್ಲಿ ಕೂತಿದ್ದರು. ಟನ್ನಿಗೆ ಇನ್ನೊಂದಿಷ್ಟು ಹೆಚ್ಚಿಗೆ ಸಿಗಲಿ ಅಂತ ಚಳಿಯೊಳಗ ಕೂತ ಮನುಷ್ಯಾ.

ಮೊನ್ನೆ ಗೋಕಾಕ ಬಸ್ ಸ್ಟ್ಯಾಂಡ್ ಹತ್ತಿರ ಚಹಾಕ್ಕೆ ಸಿಕ್ಕಿದ್ದ. ಫೋನ್ ಮುಂದೆ ಹಿಡಿದ. ಹೊಸ ಮೆಸೇಜ್: ಹಳೇ ಗಿರಾಕಿಗಳಿಗೆ ಮಾತ್ರ, 30% ವಾಪಸ್. "ಈ ಸಲ ಮೂವತ್ತೈತಿ, ಲೆಕ್ಕಾ ಹಾಕ" ಅಂದ. ಪೇಪರ್ ನ್ಯಾಪ್ಕಿನ್ ಮೇಲೆ ಹಾಕಿದೆ. ಕೂಪನ್ನಿನಲ್ಲಿ ಕೊಟ್ಟರೆ ಅದು ಹದಿನೈದು. ಅವನು ಆಡೋ ರೀತಿಗೆ ಸುಮಾರು 14 ಆಟ, ಕಾಲು ತಾಸು. ಅಷ್ಟರಲ್ಲಿ ಎದ್ದು ಬರ್ತೀಯಾ ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ಫೋನ್ ಬೋರಲು ಹಾಕಿ ಟೇಬಲ್ಲಿನ ಮೇಲೆ ಇಟ್ಟ. ಮೆಸೇಜ್ ಡಿಲೀಟ್ ಮಾಡಿದ್ದು ಮಾತ್ರ ನಾ ನೋಡಲಿಲ್ಲ.