ಶ್ವಾಸಕೋಶಕ್ಕೆ ಏರುವ ರಕ್ತದ ಹೆಪ್ಪು: ಯಾರ ಮೇಲೆ ಲಕ್ಷ್ಯವಿರಬೇಕು?

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲದ ಅರ್ಜಿ ಬಂದರೆ ಪತ್ತು ನೋಡಿಯೇ ನಾವು ನಿರ್ದೇಶಕರು ಸಹಿ ಮಾಡತೇವಿ. ಆಪರೇಷನ್ ಆಗಿ ಮನೆಗೆ ಬಂದವರನ್ನು ಮಾತ್ರ ‘ಗಂಡಾಂತರ ದಾಟಿತು’ ಅಂತ ಮಲಗಿಸಿ ಸುಮ್ಮನಾಗತೇವಿ. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ನಡೆದಿದೆ. ಶಸ್ತ್ರಚಿಕಿತ್ಸೆಯ ಖರ್ಚಿಗೆ ಅದು ಆಸರೆ. ಮನೆಗೆ ಬಂದ ಮೇಲೆ ಕಾಯುವವರು ನಾವೇ.

ನಡೆದಾಗ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತದೆ, ನಮ್ಮ ಪಂಪಸೆಟ್ ಇದ್ದಂಗ. ಮಲಗೇ ಇದ್ದರೆ ಕಾಲಿನ ಆಳದ ರಕ್ತನಾಳದಾಗ ರಕ್ತ ನಿಂತು ಹೆಪ್ಪುಗಟ್ಟಬಹುದು. ಅದರ ಚೂರು ಕಿತ್ತು, ಹೃದಯ ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಬಿದ್ದರೆ ಜೀವಕ್ಕೇ ಎರವು.

ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದವರು, ಟೊಂಕದ ಎಲುಬು ಮುರಿದ ಮುದುಕರು, ದೊಡ್ಡ ಆಪರೇಷನ್ ಆದವರು, ಕ್ಯಾನ್ಸರ್ ಇದ್ದವರು, ಹಿಂದೊಮ್ಮೆ ಹೆಪ್ಪು ಆದವರು, ಇವರಿಗೆಲ್ಲ ಅಪಾಯ ಹೆಚ್ಚು. ಬೊಜ್ಜು ಮೈ, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆಯೂ ಲೆಕ್ಕಕ್ಕೆ ಬರುತ್ತವೆ.

ಬಾಣಂತಿಯರ ಮಾತು ಬೇರೆಯೇ ಹೇಳಬೇಕು. ನಮ್ಮ ಕಡೆ ಹೊರಸಿನ ಮೇಲೆ ಮಲಗಿಸಿ, ಕಿವಿಗೆ ಬಟ್ಟೆ ಕಟ್ಟಿ, ‘ನೀರು ಕುಡಿದರೆ ಹೊಟ್ಟೆ ಬರತದ’ ಅಂತ ನೀರನ್ನೂ ಅಳೆದು ಕೊಡತಾರ. ಹೆರಿಗೆಯಲ್ಲಿ ರಕ್ತ ಹರಿದುಹೋಗಬಾರದೆಂದು ನಿಸರ್ಗವೇ ರಕ್ತ ಬೇಗ ಹೆಪ್ಪಾಗುವಂತೆ ಮಾಡಿರುತ್ತದೆ. ಮೊದಲ ಆರು ವಾರ ಈ ಅಪಾಯ ಬಹಳ, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಮಿದುಳಿನ ನಾಳದಲ್ಲೂ ಹೀಗೆ ಹೆಪ್ಪಾಗುವುದುಂಟು. ಅಂಥ ಬಾಣಂತಿಯರಿಗೆ ಹೆಪಾರಿನ್ ಕೊಟ್ಟು ಗುಣ ಕಂಡದ್ದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1999ರಲ್ಲೇ ಬರೆದಿದ್ದಾರೆ. ಬೆಚ್ಚಗಿಡುವುದು ಬಿಡಿರಿ ಅನ್ನುವುದಿಲ್ಲ, ಅಜ್ಜಿಯಂದಿರು ಸಿಟ್ಟಾಗಬಾರದು. ಬೇಕಾದಷ್ಟು ನೀರು ಕೊಡಿರಿ, ಡಾಕ್ಟರು ಒಪ್ಪಿದ ದಿನದಿಂದಲೇ ಎಬ್ಬಿಸಿ ಅಡ್ಡಾಡಿಸಿರಿ.

ಒಂದೇ ಕಾಲು ಬಾತು, ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿರಿ, ಅವತ್ತೇ ತೋರಿಸಿರಿ. ಏಕಾಏಕಿ ಉಸಿರು ಕಟ್ಟಿ, ಎದೆ ಚುಚ್ಚಿ, ಕೆಮ್ಮಿದಾಗ ರಕ್ತ ಕಂಡರೆ ಗ್ಯಾಸ್ ಅಂತ ಸೋಡಾ ಕುಡಿಸುತ್ತ ಕೂಡ್ರಬೇಡಿರಿ. 108ಕ್ಕೆ ಫೋನು ಹಚ್ಚಿರಿ. ಆಸ್ಪತ್ರೆಗೆ ಮುಟ್ಟಿದ ಕೂಡಲೇ ‘ಹೆರಿಗೆಯಾಗಿ ಇಷ್ಟು ದಿನ’, ‘ಆಪರೇಷನ್ ಆಗಿ ಇಷ್ಟು ದಿನ’ ಅಂತ ಮೊದಲು ಹೇಳಿರಿ. ಹೆಪ್ಪಿನ ಕಡೆಗೆ ಡಾಕ್ಟರ ಲಕ್ಷ್ಯ ಬೇಗ ಹೋಗುವುದು ಆ ಮಾತಿನಿಂದ.