ಬಿಳಿಯ ಹೆಂಗಸರ ಹೊಣೆಯೂ ನಮ್ಮ ಮನೆಯಂಗಳವೂ
(ಪುತ್ತೂರಿನಲ್ಲಿ ಮಾಡಿದ ಭಾಷಣ)



ಆಂಗ್ಲ ಪ್ರಭುತ್ವವು ಕೋವಿಯಿಂದಲೂ ಕಚೇರಿಯಿಂದಲೂ ನಿಂತಿತ್ತೆಂದು ಹೇಳುವುದು ನಮಗೆ ರೂಢಿ. 1837ರಲ್ಲಿ ಸುಳ್ಯ ಸೀಮೆಯ ರೈತರು ಮಂಗಳೂರಿನವರೆಗೆ ನಡೆದು ಎದುರಿಸಿದ್ದು ಇವೆರಡನ್ನೇ. ಆದರೆ ಮೂರನೆಯದೊಂದು ಕಂಬವೂ ಇದ್ದಿತು. ಅದು ಬಂಗಲೆಯ ಒಳಗಿತ್ತು. ವಕೀಲನಾದುದರಿಂದ ಅದನ್ನು ಮೊಕದ್ದಮೆಯಂತೆಯೇ ತಮ್ಮ ಮುಂದಿಡುತ್ತೇನೆ.

1883ರಲ್ಲಿ, ರಿಪನ್ ಪ್ರಭುಗಳು ವೈಸರಾಯರಾಗಿದ್ದಾಗ, ಮೊಫಸಲಿನಲ್ಲಿ ನಮ್ಮವರಾದ ನ್ಯಾಯಾಧಿಕಾರಿಗಳೂ ಯುರೋಪಿಯನರ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ವಿಚಾರಿಸಬಹುದೆಂಬ ಮಸೂದೆಯನ್ನು ಇಲ್ಬರ್ಟರು ಮಂಡಿಸಿದರು. ಅದರಲ್ಲಿ ಹೆಣ್ಣಿನ ಮಾತೇ ಇರಲಿಲ್ಲ. ಆದರೂ ತೋಟದ ಧಣಿಗಳೂ ಕಲ್ಕತ್ತೆಯ ಬಿಳಿಯ ವರ್ತಕರೂ ಎತ್ತಿದ ಕೂಗು, ನಮ್ಮ ಹೆಂಗಸರ ಮಾನವನ್ನು ಕರಿಯರ ಕೈಗೆ ಒಪ್ಪಿಸುವಿರಾ ಎಂಬುದೇ. ಹೆಂಗಸರೂ ಸುಮ್ಮನಿರಲಿಲ್ಲ, ತಾವೇ ಸಮಿತಿ ಕಟ್ಟಿದರು, ರಾಣಿಗೆ ಅರ್ಜಿ ಬರೆದರು.

ಅವರಲ್ಲಿ ಆನೆಟ್ ಬೆವರಿಜ್ ಎಂಬವರ ಸಂಗತಿ ಮನಸ್ಸನ್ನು ನೋಯಿಸುವಂಥದು. 1872ರಲ್ಲಿ ಬಂಗಾಳದ ಹುಡುಗಿಯರಿಗೆ ವಿದ್ಯೆ ಕಲಿಸಲೆಂದೇ ಹಡಗೇರಿ ಬಂದು, ಕಲ್ಕತ್ತೆಯಲ್ಲಿ ಶಾಲೆ ತೆರೆದಾಕೆ ಈಕೆ. ಪತಿಯಾದ ಜಡ್ಜಿಯವರು ಮಸೂದೆಯ ಪಕ್ಷದವರು. ಆದರೂ ಈಕೆ ‘ಇಂಗ್ಲಿಷ್‌ಮನ್’ ಪತ್ರಿಕೆಗೆ ಬರೆದು, ತಮ್ಮ ಹೆಂಗಸರನ್ನು ಗೌರವಿಸಲರಿಯದವರು ನಮ್ಮ ಮೇಲೆ ತೀರ್ಪು ಕೊಡಲು ಅನರ್ಹರೆಂಬ ವಾದವನ್ನು ಹೂಡಿದರು. ನಮ್ಮ ಹೆಣ್ಣಿನ ದುಃಖವನ್ನೇ ನಮ್ಮ ದಾಸ್ಯಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ ಚಾತುರ್ಯವಿದು! ಆ ಮಾತಿನಲ್ಲಿ ಅರ್ಧ ನಿಜವಿತ್ತು. ಅದಕ್ಕೇ ಅದು ನಾಟಿತು. 1884ರಲ್ಲಿ ಮಸೂದೆ ಕಾಯಿದೆಯಾದಾಗ, ಅರ್ಧಕ್ಕೆ ಕಡಿಮೆಯಿಲ್ಲದಂತೆ ಬಿಳಿಯರೇ ಇರುವ ಜ್ಯೂರಿಯನ್ನು ಕೇಳುವ ಹಕ್ಕು ಯುರೋಪಿಯನರಿಗೆ ದೊರೆಯಿತು. ಕಾಯಿದೆ ಉಳಿಯಿತು, ಸಮಾನತೆ ಹೋಯಿತು.

ಎಲ್ಲರೂ ಹಾಗಿರಲಿಲ್ಲವೆಂಬುದೂ ನಿಜ. ಮಂಗಳೂರಿನ ರಾಷ್ಟ್ರೀಯ ಹೆಣ್ಣುಮಕ್ಕಳ ಶಾಲೆಯನ್ನು 1919-20ರಲ್ಲಿ ನಡೆಸಿದ ಮಾರ್ಗರೆಟ್ ಕಸಿನ್ಸರು 1932ರಲ್ಲಿ ಸರಕಾರದ ತುರ್ತು ಕಾನೂನುಗಳ ವಿರುದ್ಧ ಮಾತನಾಡಿ ಸೆರೆಮನೆ ಸೇರಿದರು. ಆದುದರಿಂದ, ಗಂಡಸರು ಆಳಿದರು, ಹೆಂಗಸರೇನು ಮಾಡಬಲ್ಲರು ಎಂಬ ಸಮಾಧಾನ ನಿಲ್ಲದು.

ಇನ್ನು ನಮ್ಮ ಅಂಗಳಕ್ಕೆ ಬರೋಣ, ಕೆಲವರಿಗೆ ಅಹಿತವಾದೀತು. ನಮ್ಮ ಜಿಲ್ಲೆಯ ಅಜಲು ಪದ್ಧತಿಯನ್ನು ಇಲ್ಲಿರುವ ಉಪಾಧ್ಯಾಯರು ಬಲ್ಲರು. ಬಸುರಿಯ, ಕಾಯಿಲೆಯ ಮಗುವಿನ ಅನಿಷ್ಟ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುತ್ತಿದ್ದರು. ಆ ಅನ್ನವನ್ನು ಕಲಸಿದ್ದು ಯಾವ ಕಲೆಕ್ಟರನ ಕೈ? ಒಳಮನೆಯ ಕೈ, ಅದೂ ಒಬ್ಬ ತಾಯಿಯ ಕ್ಷೇಮಕ್ಕಾಗಿ. ಅಂಗಳದಲ್ಲಿ ಕುಳಿತು ಅದನ್ನು ಉಂಡವಳೂ ತಾಯಿಯೇ. (ಗಂಡಸರಾದ ನಾವು ಜಗಲಿಯಲ್ಲಿ ವೀಳ್ಯ ಜಗಿಯುತ್ತ ನಿರಪರಾಧಿಗಳಂತೆ ಕುಳಿತಿದ್ದೆವೆಂಬುದನ್ನೂ ದಾಖಲು ಮಾಡಿಕೊಳ್ಳಿ.) 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯಲ್ಲಿ ಗಾಂಧೀಜಿಯವರು ಪುತ್ತೂರಿಗೆ ಬಂದರು, 1956ರಲ್ಲಿ ಕನ್ನಡ ನಾಡು ಒಂದಾಯಿತು, ಅಜಲನ್ನು ನಿಷೇಧಿಸುವ ಕಾಯಿದೆ ಬಂದುದು 2000ದಲ್ಲಿ. ನಾಡು ಒಂದಾಗಿ ನಾಲ್ವತ್ತನಾಲ್ಕು ವರ್ಷಗಳ ಮೇಲೆ!

ನನಗಿತ್ತ ಸಮಯ ಮುಗಿಯಿತು. ಪ್ರಶ್ನೆ ಕೇಳುವ ಅವಕಾಶವನ್ನು ಮೊದಲು ಸೋದರಿಯರಿಗೇ ಕೊಡಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸುತ್ತೇನೆ.